ಕೂಲಿ ಸೇರಿಸದ ಬೆಲೆ

ಮಳೆಗೆ ಮುಂಚಿನ ಬಿರುಗಾಳಿ ಬೀಸಿ ಹೋಗಿ ಎರಡು ದಿನವಾಗಿತ್ತು. ಮೇಸ್ತ್ರಿ ತನ್ನ ಮನೆಯ ಗೋಡೆಯ ಮೇಲೆ ಕುಳಿತು ಸಡಿಲವಾದ ಇಟ್ಟಿಗೆಗಳನ್ನು ಬಿಡಿಸಿ ಕೆಳಗಿಳಿಸುತ್ತಿದ್ದ. ಹೆಂಡತಿ ಅವಕ್ಕಂಟಿದ ಹಳೆಯ ಗಾರೆಯನ್ನು ಕರಣೆಯಿಂದ ಕೆರೆದು ಒಂದು ಕಡೆ ಜೋಡಿಸುತ್ತಿದ್ದಳು. ಮಾಡಿನ ತಗಡುಗಳೆಲ್ಲ ಪಕ್ಕದ ಹೊಲದಲ್ಲಿ ಮುದುಡಿ ಬಿದ್ದಿದ್ದವು. ಹೊಸ ತಗಡನ್ನು ಪೇಟೆಯಲ್ಲಿ ಅಂಗಡಿಯಿಟ್ಟಿದ್ದ ಅವಳ ಅಣ್ಣ ಸಾಲಕ್ಕೆ ಕೊಟ್ಟಿದ್ದ. ವಿಮೆಯ ಹಣ ಬಂದೊಡನೆ ಪೂರ್ತಿ ತೀರಿಸುವುದೆಂದು ಮಾತಾಗಿತ್ತು.

ನಷ್ಟ ನೋಡಲು ವಿಮೆ ಕಂಪನಿಯಿಂದ ಬಂದ ಹೆಂಗಸು ಆತುರದವಳಲ್ಲ. ಏಣಿ ಹತ್ತಿ ನೋಡಿದಳು, ಗೋಡೆ ಅಳೆದಳು. ಗಾಳಿಯಿಂದಾದ ನಷ್ಟಕ್ಕೆ ವಿಮೆ ಸಲ್ಲುತ್ತದೆ, ತಕರಾರಿಲ್ಲ ಎಂದಳು. ಮೇಸ್ತ್ರಿಯ ಎದೆ ಹಗುರಾಯಿತು. ಇಂಥ ಮನೆಯನ್ನು ಈಗ ಹೊಸದಾಗಿ ಕಟ್ಟಿಸಿದರೆ ಎಷ್ಟಾದೀತು ಎಂದು ಅವಳು ಕೇಳಿದಾಗ, ಊರವರಿಗೆ ಮನೆ ಕಟ್ಟುವ ಖರ್ಚು ಹೇಳುವ ಹುರುಪಿನಲ್ಲೇ ಹೇಳಿಬಿಟ್ಟ. ವಿಮೆಗೆ ಅವನು ಬರೆಸಿದ್ದ ಬೆಲೆ ಅದರಲ್ಲಿ ಅರ್ಧ.

"ಯಾಕೆ ಮೇಸ್ತ್ರಿ, ಇಷ್ಟು ಕಮ್ಮಿ ಬರೆಸಿದ್ದೀರಿ?"

"ಅಂಗಡಿಗೆ ಕೊಟ್ಟಿದ್ದೆಲ್ಲ ಸೇರಿಸಿದ್ದೀನಲ್ಲ ತಾಯಿ. ಕಟ್ಟಿದ್ದು ನಾವೇ. ನಮಗೆ ನಾವೇ ಕೂಲಿ ಕೊಟ್ಕೊಳ್ತೀವಾ?"

ಕೇಳಿ ವಿಮೆಯವಳಿಗೆ ಬೇಸರವಾಯಿತು. ನಿಧಾನವಾಗಿ ತಿಳಿಸಿ ಹೇಳಿದಳು. ಅರ್ಧ ಬೆಲೆಗೆ ವಿಮೆ ಮಾಡಿಸಿದರೆ ಕಂತೇನೋ ಅರ್ಧವೇ. ಆದರೆ ನಷ್ಟ ಎಷ್ಟು ಸಣ್ಣದಾದರೂ ಸಿಗುವುದು ಅದರಲ್ಲಿ ಅರ್ಧ ಮಾತ್ರ. ಮಿಕ್ಕದ್ದಕ್ಕೆ ಮನೆಯವರೇ ಹೊಣೆ. ಗಾಳಿ ಕೆಡವಿದ ಒಂದು ಇಟ್ಟಿಗೆಯನ್ನೂ ಬಿಡದೆ ಬರೆಯುತ್ತೇನೆ, ನನ್ನ ಕೈಲಾಗುವುದು ಅಷ್ಟೇ ಎಂದು ಹೇಳಿ ಹೊರಟಳು.

ಅವಳು ಮರೆಯಾದ ಮೇಲೆ ಹೆಂಡತಿ ಕರಣೆ ಕೆಳಗಿಟ್ಟಳು.

"ಊರವರ ಮನೆಗೆಲ್ಲ ನನ್ನ ಕೂಲಿ ಸೇರಿಸಿ ಹೇಳ್ತೀರ. ಇಲ್ಲಿಗೆ ನಾನು ಹೊತ್ತಿದ್ದು ಇಟ್ಟಿಗೆ ಅಲ್ವಾ? ಹತ್ತಿ ಮೂಟೆನಾ?"

ಮೇಸ್ತ್ರಿ ತೂಗುಗುಂಡು ಇಳಿಬಿಟ್ಟು, ನೆಟ್ಟಗಿದ್ದ ಗೋಡೆಯನ್ನೇ ಮತ್ತೊಮ್ಮೆ ನೋಡುತ್ತ ಕುಳಿತ.

ಹಣ ಬಂತು, ಅರ್ಧವೇ. ಅದರ ಬೆನ್ನಿಗೇ ವಿಮೆಯನ್ನು ಹೊಸದು ಮಾಡಿಸುವ ಕಾಲವೂ ಬಂತು. ಗಾಳಿ ಬಡಿಯುವ ಊರೆಂದು ದರವನ್ನು ಬೇರೆ ಏರಿಸಿದ್ದರು. ಸರಿಯಾದ ಬೆಲೆಗೆ ಕಂತು ಕಟ್ಟಿದರೆ ಭಾವನಿಗೆ ಕೊಡಲು ಉಳಿಯುವುದು ಪುಡಿಗಾಸು. ಮೊದಲು ಸಾಲ ತೀರಿಸೋಣ, ನೆಂಟರೆದುರು ತಲೆ ತಗ್ಗಿಸಲಾರೆ ಎಂದ ಮೇಸ್ತ್ರಿ. ತಗ್ಗಿಸುವ ತಲೆ ನನ್ನದಿರಲಿ, ಅವನು ನನ್ನ ಅಣ್ಣ ಎಂದಳು ಹೆಂಡತಿ. ಇಬ್ಬರ ಕೂಲಿಯನ್ನೂ ಸೇರಿಸಿ ಬೆಲೆ ಬರೆಸಿ, ಕಂತು ಕಟ್ಟಿಯೇ ಅಂಗಡಿಗೆ ಹೋದರು.

ಕೊಟ್ಟಷ್ಟನ್ನು ಎಣಿಸಿಕೊಂಡು ಅಣ್ಣ ಮೂಗು ಮುರಿದ.

"ಮಾಡು ಹಾರಿದ್ರೂ ನನ್ನ ಬಾಕಿ ಮಾತ್ರ ಕೂತಲ್ಲಿಂದ ಅಲ್ಲಾಡಲ್ಲ ನೋಡು, ಮೇಸ್ತ್ರಿ."

"ಬಾಕಿ ಇಲ್ಲ ಅಂದ್ನಾ ಅಣ್ಣ? ಮುಂದಿನ ಗಾಳಿಗೆ ಮತ್ತೆ ನಿನ್ನ ಬಾಗಿಲಿಗೆ ಬರಬಾರದು ಅಂತ ಕಂತು ಕಟ್ಟಿದ್ದು. ಬೈಯೋದಿದ್ರೆ ನನ್ನ ಬೈಯಿ."

ಅಣ್ಣ ಬಾಕಿಯನ್ನು ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡ. ಹಣವನ್ನು ಪೆಟ್ಟಿಗೆಗೆ ಹಾಕಿ, ಮಾಡಿಗೆ ಮೊಳೆ ಸಾಲುತ್ತವೆಯೇ ಎಂದು ಕೇಳಿದ. ಸಾಲುತ್ತವೆ ಎಂದು ಇಬ್ಬರೂ ಒಟ್ಟಿಗೇ ಹೇಳಿದರು. ಉಳಿದ ಸಾಲ ಉಳಿದೇ ಇತ್ತು.