ಕಂಪನಿಯ ಇಂದೂಬಾಯಿ

ಇಂಟರ್ನೆಟ್ಟಿನಲ್ಲಿ ಸಾಮಾನು ಮಾರುವ ಆ ಕಂಪನಿ ತನ್ನ ಪ್ರತಿ ರಟ್ಟಿನ ಡಬ್ಬಿಯ ಮೇಲೂ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿತ್ತು: 'ಈ ಡಬ್ಬಿಯ ಜವಾಬ್ದಾರಿ ನಮ್ಮದು. ನಾವೇ ಮರಳಿ ಒಯ್ದು ಮತ್ತೆ ಬಳಸುತ್ತೇವೆ.' ಅಚ್ಚು ಹಾಕಿಸಲು ಅವರ ಗಂಟೇನು ಹೋಗಬೇಕು! 2008ರಲ್ಲಿ ಕಲಬುರಗಿಯಿಂದ ಊರೂರು ತಿರುಗಿ ಖಾಲಿ ಡಬ್ಬಿ ಕೂಡಿಸುವ ಕೆಲಸ ಶಬ್ಬೀರನದು. ಅವನು ತಂದದ್ದನ್ನೆಲ್ಲ ಕಂಪನಿಯವರು ಶರಣಸಿರಸಗಿ ದಾರಿಯ ತಮ್ಮ ಗೋದಾಮಿನ ಹಿಂದೆ ಸುರಿದು ಬೆಂಕಿ ಹಚ್ಚುತ್ತಿದ್ದರು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಕಮಲಾಪುರದ ಮುಕ್ತಾಬಾಯಿಗಂತೂ ಹೇಳುವ ಮಾತೇ ಇರಲಿಲ್ಲ. ನಿವೃತ್ತ ಶಿಕ್ಷಕಿ, ಮದುವೆಯಾಗದೆ ಉಳಿದವರು, ಬಾಡಿಗೆ ಮನೆಯಲ್ಲಿ ಒಬ್ಬರೇ. ಬಂದ ಡಬ್ಬಿಯನ್ನು ಖಾಲಿ ಕಳಿಸಬಾರದೆಂದು ಒಳಗೊಂದು ಪುಡಿಕೆ ಮೆಂತೇಹಿಟ್ಟು ಇಟ್ಟುಕೊಡುತ್ತಿದ್ದರು, ನೆರೆಮನೆಯ ಪಾತ್ರೆ ಮರಳಿಸುವಾಗ ಇಡುವ ಹಾಗೆ. ಕಂಪನಿ ಎಂದರೆ ಅವರ ಪಾಲಿಗೆ ಒಂದು ಮನೆ. ಕಲಬುರಗಿ ಪಕ್ಕದ ಕುಸನೂರಿನ ಕೋಣೆಯಲ್ಲಿ ಒಂಟಿಯಾಗಿದ್ದ ಶಬ್ಬೀರ ಆ ಹಿಟ್ಟನ್ನು ಅನ್ನಕ್ಕೆ ಕಲಸಿಕೊಂಡು ತಿನ್ನುತ್ತಿದ್ದ.

"ಯಾರು ತಿಂದ್ರಪಾ? ಏನಂದ್ರು?" ಎಂದು ಅವರು ಕೇಳಿದಾಗ ಅವನ ಬಾಯಿಗೆ ಒಂದು ಹೆಸರು ಬಂತು.

"ಇಂದೂಬಾಯಿ ಅಂತ ಇದ್ದಾರ್ರಿ, ಡಬ್ಬಿ ತಗೊಳ್ಳವ್ರು. ಭಾಳ ಛಲೋ ಆಗ್ಯಾದ ಅಂದ್ರು."

ಅಲ್ಲಿಂದ ಸುಳ್ಳು ಬೆಳೆಯಿತು. ಇಂದೂಬಾಯಿಗೆ ಮೊಣಕಾಲು ನೋವು, ಮಳೆಯಲ್ಲಿ ನೆನೆಯುವುದೆಂದರೆ ಖುಷಿ, ಸಿಟ್ಟು ಬಂದರೆ ಎರಡು ದಿನ ಮಾತಿಲ್ಲ. ಮುಕ್ತಾಬಾಯಿ ಮೊಣಕಾಲಿಗೆ ಎಣ್ಣೆ ಕಾಸಿ ಕಳಿಸಿದರು. ಬಸ್‌ಸ್ಟ್ಯಾಂಡಿನ ಇಂಟರ್ನೆಟ್ ಅಂಗಡಿಗೆ ಹೋಗಿ, ಬೇಕಿಲ್ಲದ ಸೂಜಿ-ದಾರವನ್ನೂ ತರಿಸತೊಡಗಿದರು. ಆ ಊರಿನಲ್ಲಿ ಅವರಿಗೆ ಗೆಳತಿಯರಿರಲಿಲ್ಲ, ಈಗ ಒಬ್ಬಳಿದ್ದಳು.

ಆಷಾಢದಲ್ಲಿ ಹೊಸ ಮ್ಯಾನೇಜರ್ ಬಂದವನೇ ಡಬ್ಬಿ ಕೂಡಿಸುವುದನ್ನೇ ನಿಲ್ಲಿಸಿದ. ಶಬ್ಬೀರ ಕೊನೆಯ ಸಲ ಕಮಲಾಪುರಕ್ಕೆ ಹೋಗಿ ಸುದ್ದಿ ಹೇಳಿದ. ಮುಕ್ತಾಬಾಯಿ ಬೇಸರಪಡಲಿಲ್ಲ.

"ಹೋಗ್ಲಿ ಬಿಡು. ಗುರುವಾರ ನಾನೇ ಕಲಬುರ್ಗಿಗೆ ಬರ್ತೇನಿ. ಇಂದೂಬಾಯಿನ್ನ ಒಮ್ಮೆ ಕಣ್ತುಂಬ ನೋಡಬೇಕು."

ಶಬ್ಬೀರನಿಗೆ ಇನ್ನು ಮುಚ್ಚಿಡುವಂತಿರಲಿಲ್ಲ. ಡಬ್ಬಿ ಸುಟ್ಟದ್ದು ಹೇಳಿದ, ಹಿಟ್ಟು ತಾನು ತಿಂದದ್ದು ಹೇಳಿದ. ಅವರು ಎರಡನ್ನೂ ಬದಿಗೆ ಸರಿಸಿ ಕೇಳಿದರು.

"ಮತ್ತ ಇಂದೂಬಾಯಿ?"

"ಅಂಥವ್ರು ಯಾರೂ ಇಲ್ರೀ."

"ಆ ಮೊಣಕಾಲು ನೋವು? ಆ ಸಿಟ್ಟು?"

"ಅದೆಲ್ಲಾ ನಮ್ಮ ಫರೀದಾಂದು ರೀ ಬಾಯಿ. ನನ್ನ ಹೇಣ್ತಿ. ತೀರಿಹೋಗಿ ಮೂರು ವರ್ಷ ಆಯ್ತು. ಅಕಿ ಹೆಂಗದಾಳ ಅಂತ ಕೇಳವ್ರು ನೀವೊಬ್ರೇ ಇದ್ರಿ."

ಮುಕ್ತಾಬಾಯಿ ಬೈಯಲಿಲ್ಲ. ಎದ್ದು ಒಳಗೆ ಹೋದರು. ಹೊತ್ತಲ್ಲದ ಹೊತ್ತಿನಲ್ಲಿ ಬಚ್ಚಲಿನಿಂದ ತಲೆಯ ಮೇಲೆ ನೀರು ಸುರಿದುಕೊಳ್ಳುವ ಸದ್ದು ಕೇಳಿಸಿತು. ಒಡಹುಟ್ಟಿದವರು ಸತ್ತ ಸುದ್ದಿ ಬಂದಾಗ ಅವರ ಮಂದಿ ಹಾಗೆ ಮೀಯುತ್ತಾರೆಂದು ಶಬ್ಬೀರನಿಗೆ ಗೊತ್ತಿತ್ತು. ನೀರಿನ ಸದ್ದು ನಿಂತ ಮೇಲೂ ಅವನು ಅಂಗಳದಲ್ಲೇ ನಿಂತಿದ್ದ. ಒಳಗೆ ಹೋಗುವಂತಿರಲಿಲ್ಲ, ಹೊರಡಲು ಮನಸ್ಸಿರಲಿಲ್ಲ.