ದೆವ್ವದ ಬಾಯಲ್ಲಿ ಆಡಿಸಿದ ಮಾತು

“ಏನಂದ್ಲು ಈಗ?” ನಾಗಕ್ಕ ಮೊಣಕೈಯಿಂದ ತಿವಿದಳು.

“ಹೋಗೋ ಮುಠ್ಠಾಳ ಅಂದ್ಲು,” ಎಂದಳು ಜೈನಾಬಿ.

“ಮತ್ತೆ ನಕ್ಕಂಡು ಅವನ ಎದೆಗೆ ಒರಗವ್ಳೆ?”

“ತಲೆ ಸುತ್ತು ಬಂದೈತೆ. ಬೆಳಗ್ಗಿಂದ ಹಿಂದೆ ಬಿದ್ದು ಓಡಾಡುಸವ್ನೆ, ಪಾಪ, ಒಂದು ತುತ್ತು ತಿಂದಿಲ್ಲ.”

ಹೆಂಗಸರ ಕ್ಲಾಸಿನ ಎರಡು ಬೆಂಚು ಗೊಳ್ಳೆಂದು ನಕ್ಕವು. ಶಿರಾದ ಟಾಕೀಸಿನಲ್ಲಿ ಸಂತೆಯ ದಿನ ಮಧ್ಯಾಹ್ನದ ಆಟಕ್ಕೆ ಹಿಂದಿ ಚಿತ್ರಗಳೇ ಹೆಚ್ಚು. ಬರಗೂರಿನಿಂದ ಬಸ್ಸಿಗೆ ಬರುವ ನಾಗಕ್ಕನಂಥವರಿಗೆ ಹಿಂದಿ ಬಾರದು. ಊರೂರು ತಿರುಗಿ ಬಳೆ ತೊಡಿಸುವ ಜೈನಾಬಿಯ ಮನೆಮಾತು ಉರ್ದು. ಬಳೆಯ ಮಲಾರವನ್ನು ಕಾಲಬುಡದಲ್ಲಿಟ್ಟುಕೊಂಡು ಅವಳು ಕನ್ನಡದಲ್ಲಿ ಕಥೆ ಹೇಳುವಳು. ಸುತ್ತಲಿನವರು ಕಡಲೆಕಾಯಿ ಕೊಡಿಸುವರು. ನಾಲ್ಕು ವರ್ಷದಿಂದ ಹೀಗೇ ನಡೆದಿತ್ತು.

ದೆವ್ವದ ಚಿತ್ರಗಳೆಂದರೆ ಅವಳಿಗೆ ಅಸಡ್ಡೆ. “ಮಸಣದಾಗೆಲ್ಲ ಓಡಾಡ್ತಾಳೆ, ಬಿಳಿ ಸೀರೆ ಒಂಚೂರೂ ಮಣ್ಣಾಗಲ್ಲ. ಯಾರು ಒಗದು ಕೊಡ್ತಾರೆ?” ಎನ್ನುವಳು. ಆದರೆ ನಗಿಸುವ ಪ್ರೀತಿಯ ಚಿತ್ರಗಳನ್ನು ಕಂಡರೆ ಮೈಯೆಲ್ಲ ಉರಿ. “ದೆವ್ವ ಹೆದರುಸ್ತೀನಿ ಅಂತ ಹೇಳೇ ಹೆದರುಸ್ತದೆ. ಈ ನನ್ಮಗ ನಗ್‌ನಗ್ತಾನೇ ಕೈ ತಿರುಚ್ತಾನೆ.”

ತೆರೆಯ ಮೇಲೆ ನಾಯಕ ಹುಡುಗಿಯ ಮುಂಗೈ ಹಿಡಿದೆಳೆದ. ಬಳೆಗಳು ಒಡೆದು ಚೆಲ್ಲಿದವು. ಗಂಡಸರ ಕಡೆಯಿಂದ ಶಿಳ್ಳೆ ಎದ್ದಿತು.

“ಥೂ! ಅವ್ನ ಕೈ ಸೇದೋಗ!” ಎಂದು ಜೈನಾಬಿ ಉಗಿದಳು. ಹುಡುಗಿ ಏನೋ ಹೇಳಿದಳು. “ಪೊಲೀಸ್ನೋರ್ಗೆ ಹಿಡ್ಕೊಡ್ತೀನಿ ಅಂದ್ಲು.”

ಮುಂದಿನ ಬೆಂಚಿನಲ್ಲಿದ್ದ ಗುಲ್ಷನ್ ತಿರುಗಿ ನೋಡಿದಳು. ಪೇಟೆಯ ಬಟ್ಟೆ ಅಂಗಡಿಯವರ ಮಗಳು, ಹೈಸ್ಕೂಲು ಓದಿದವಳು. “ಖಾಲಾ, ಯಾಕೆ ಸುಳ್ಳು ಹೇಳ್ತೀರ? ನಿನ್ನ ಬಿಟ್ಟು ಬದುಕಲ್ಲ ಅಂದ್ಲು.”

ಬೆಂಚುಗಳು ಇನ್ನೂ ಜೋರಾಗಿ ನಕ್ಕವು. ನಾಗಕ್ಕ ನಗಲಿಲ್ಲ.

“ಏ ಮಗಾ, ಹೋದ ತಿಂಗಳು ದೆವ್ವದ ಪಿಚ್ಚರ್ ಬಂದಿತ್ತಲ್ಲ, ನೋಡಿದ್ಯಾ? ಸತ್ತೋಳು ಬಾವಿ ಕಟ್ಟೆ ಮ್ಯಾಲೆ ಕುಂತು ಅವ್ವನ ತಾವ ಏನಂದ್ಲು?”

“ನನ್ನ ಮಗು ತಬ್ಬಲಿ ಆಯ್ತು, ತಂಗೀನ ಆ ಮನೆಗೇ ಕೊಡಮ್ಮ ಅಂದ್ಲು. ನಾನು ಅತ್ತೇಬಿಟ್ಟೆ.”

ನಾಗಕ್ಕ ಎದ್ದು ಜೈನಾಬಿಯ ತೋಳು ಹಿಡಿದು ಹೊರಗೆ ಎಳೆದುಕೊಂಡು ಹೋದಳು.

ನಾಗಕ್ಕನ ಹಿರಿಮಗಳು ರಂಗಕ್ಕ ಬಾಣಂತಿಯಾಗಿದ್ದಾಗಲೇ ತೀರಿಕೊಂಡು ವರ್ಷವಾಗಿತ್ತು. ಕೂಸು ಪಟ್ಟನಾಯಕನಹಳ್ಳಿ ಕಡೆಯ ಅಳಿಯ ಹುಚ್ಚಣ್ಣನ ಮನೆಯಲ್ಲಿತ್ತು. ಅವನು ಈಗ ಎರಡನೆಯ ಮಗಳು ಲಕ್ಕಮ್ಮನನ್ನು ಕೇಳುತ್ತಿದ್ದ. ಕೊಡುವುದೆಂದೇ ಇದ್ದ ನಾಗಕ್ಕ ಆ ಚಿತ್ರ ನೋಡಿದ ಮೇಲೆ ಒಲ್ಲೆನೆಂದು ಹೇಳಿ ಕಳಿಸಿದ್ದಳು. ‘ತಂಗೀನ ಆ ಮನೆ ಹೊಸಲು ತುಳಿಸಬ್ಯಾಡ’ ಎಂದು ದೆವ್ವ ಅಂದದ್ದಾಗಿ ಜೈನಾಬಿ ಹೇಳಿದ್ದಳು.

“ನಾಳಿದ್ದು ಹಿರೇರು ತಿರುಗಾ ಕೇಳಾಕೆ ಬತ್ತಾರೆ,” ಎಂದಳು ನಾಗಕ್ಕ. “ತಬ್ಬಲಿ ಮಗೀನ ಮ್ಯಾಲೆ ಕನಿಕರ ಇಲ್ವೇನೇ ಅಂತ ನಂಟ್ರೆಲ್ಲ ಮಕಕ್ಕೆ ಉಗೀತವ್ರೆ. ನನ್ ಮಗಳೇ ಬಂದು ಹೇಳ್ದಂಗಾಯ್ತು ಅಂತ ಎಲ್ಲಾ ತಡ್ಕಂಡಿದ್ದೆ. ನನ್ ಸಂಸಾರ ಏನು ನಿನ್ನ ಆಟದ ಸಾಮಾನಾ?”

ಜೈನಾಬಿ ಅವಳ ಕೈಬಳೆಗಳತ್ತ ನೋಡಿದಳು. “ನಾಗಕ್ಕ, ವರ್ಷಕ್ಕೆ ಎಷ್ಟು ಸಲ ಬಳೆ ತೊಡ್ತೀಯ?”

“ಯುಗಾದಿಗೊಂದ್ಸಲ, ಗೌರಿ ಹಬ್ಬಕ್ಕೊಂದ್ಸಲ. ಅದೀಗ್ಯಾಕೆ?”

“ನಿನ್ ರಂಗಿ ಒಂದೇ ವರ್ಷದಾಗೆ ಒಂಬತ್ತು ಸಲ ತೊಟ್ಲು. ಒಂದ್ಸಲ ಮುಂಗೈ ಎಷ್ಟು ಊದಿತ್ತು ಅಂದ್ರೆ, ಸೋಪು ಹಚ್ಚುದ್ರೂ ಬಳೆ ಏರ್ಲಿಲ್ಲ. ದೊಡ್ಡ ಅಳತೇದು ಹಾಕ್ದೆ. ಅವ್ವಂಗೆ ಹೇಳಬ್ಯಾಡ ಅಂತ ಆಣೆ ಇಡುಸ್ಕಂಡ್ಲು.”

ನಾಗಕ್ಕನ ಹಿಡಿತ ಸಡಿಲಾಯಿತು. ಒಳಗೆ ಜನ ಬಿದ್ದು ಬಿದ್ದು ನಗುತ್ತಿದ್ದರು.

“ಒಂದು ಜಗಲಿ ಮಾತು ಇನ್ನೊಂದು ಜಗಲಿಗೆ ಒಯ್ದ್ರೆ ಬಳೆಗಾರ್ತಿಗೆ ಯಾರು ಕೈ ಕೊಡ್ತಾರೆ? ಅದಕ್ಕೇ ದೆವ್ವದ ಬಾಯಲ್ಲಿ ಆಡುಸ್ದೆ.”

“ಸತ್ತ ಮ್ಯಾಲೆ ಆಡುಸ್ದೆ!” ನಾಗಕ್ಕನ ದನಿಗೆ ಗೇಟಿನವನು ತಿರುಗಿ ನೋಡಿದ. “ನನ್ ಕೂಸು ಉಸಿರಾಡ್ತಿದ್ದಾಗ ಒಂಬತ್ತು ಸಲ ಅವಳ ಕೈ ಹಿಡಿದ್ಯಲ್ಲೇ, ಆಗ ನಿನ್ನ ಬಾಯಿಗೇನು ಬಡ್ದಿತ್ತು? ಅವಳ ಜಗಲೀಲಿ ಕುಂತು ಎಲೆ ಅಡಿಕೆ ಹಾಕ್ಕಂಡು ಎದ್ದು ಬಂದ್ಯಾ?”

ಜೈನಾಬಿ ಟಾಕೀಸಿನ ಬಾಗಿಲ ಕಡೆ ತಿರುಗಿದಳು. ನಾಗಕ್ಕ ಅಡ್ಡ ನಿಂತಳು.

“ನಡಿ ಈಗ. ಹುಚ್ಚಣ್ಣನ ಎದುರಿಗೆ, ಅವನವ್ವನ ಎದುರಿಗೆ ಇದನ್ನೇ ಹೇಳು. ಮಗೀನ ನಾನು ಎತ್ಕಂಡು ಬರ್ಬೇಕು.”

“ಹೇಳುದ್ರೆ ಆ ಕಡೆ ಹತ್ತು ಹಳ್ಳೀಲಿ ನಂಗೆ ಬಾಗಿಲು ತೆಗೆಯಲ್ಲ ನಾಗಕ್ಕ. ಅದೇ ನನ್ ಅನ್ನ.”

“ಬ್ಯಾಡ ಬುಡು. ನಿನ್ ಮಕ ನೋಡಿದ್ದೇ ಪಾಪ.”

ನಾಗಕ್ಕ ಹಿಂತಿರುಗಿ ನೋಡದೆ ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಬರಗೂರಿನ ಬಸ್ಸು ನಿಂತಿತ್ತು. ಅದನ್ನು ದಾಟಿ ಹೋಗಿ ಪಟ್ಟನಾಯಕನಹಳ್ಳಿ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಳು. ಸಂತೆಯ ಚೀಲವನ್ನು ಬದಿಯ ಸೀಟಿನ ಮೇಲಿಟ್ಟು, ಕೇಳಿದವರಿಗೆಲ್ಲ “ಜನ ಅವ್ರೆ” ಎಂದಳು.

ಬಸ್ಸು ಹೊರಡುವಾಗ ಹಿಂಬಾಗಿಲಿನಿಂದ ಜೈನಾಬಿ ಮಲಾರ ಹೊತ್ತು ಏದುಸಿರು ಬಿಡುತ್ತ ಹತ್ತಿದಳು. ನೂಕುನುಗ್ಗಲಿನಲ್ಲಿ ಮುಂದೆ ಬಂದು, ಆ ಸೀಟಿನ ಪಕ್ಕದಲ್ಲೇ ಕಂಬಿ ಹಿಡಿದು ನಿಂತಳು. ಕೂರಲೇ ಎಂದು ಕೇಳಲಿಲ್ಲ. ಕಂಡಕ್ಟರ್ ಬಂದು ಚೀಟಿ ಹರಿದು ಕೊಟ್ಟು ಹೋದ. ಕೆರೆ ಏರಿಯ ತಿರುವಿನಲ್ಲಿ ಬಸ್ಸು ಒಂದು ಕಡೆಗೆ ವಾಲಿತು. ನಾಗಕ್ಕ ಕಿಟಕಿಯಾಚೆ ನೋಡುತ್ತಲೇ ಚೀಲವನ್ನು ತೊಡೆಯ ಮೇಲಕ್ಕೆ ಎಳೆದುಕೊಂಡಳು.