ಯಾರೂ ಸಾಯದ ಕಾದಂಬರಿಗಳು

ಈ ಸದ್ದು ಒಂದು ಹಾಳೆಯದಲ್ಲ, ಒಂದೇ ಹಾಳೆ ತಿರುಗಿದರೆ ಜೋಳದ ಒಣ ಎಲೆಯ ಹಾಗೆ ತೆಳ್ಳಗೆ ಸರ್ ಎನ್ನುತ್ತದೆ, ಇದು ದಪ್ಪ, ಮೂರ್ನಾಲ್ಕು ಕೂಡಿಯೇ ಹೋದವು — ಏನವ್ವಾ ಅಖ್ತರ, ಬಿಟ್ಟು ಓದಲಿಕತ್ತೀ ಏನು, ಇಲ್ರೀ ಅಮ್ಮಾರ, ಹಾಳಿ ಅಂಟಿಕೊಂಡಾವು ಅಷ್ಟ, ಎನ್ನುತ್ತ ಅಖ್ತರ ಬೇಗಂ ಮುಂದೆ ಓದುತ್ತಾಳೆ, ಪಕ್ಕದ ಮನೆಯ ಹುಡುಗಿ, ಈ ವಾಡಿ ಊರಿನ ಶಾಲೆಯಲ್ಲಿ ನನ್ನ ಕೈಯಲ್ಲೇ ಕನ್ನಡ ಕಲಿತವಳು, ಈಗ ಎರಡು ಮಕ್ಕಳ ತಾಯಿ, ದಿನಾ ಮಧ್ಯಾಹ್ನ ಬಂದು ಮೊದಲು ನನ್ನ ದಿಂಬನ್ನು ಮಗುಚಿ ತಣ್ಣನೆಯ ಮಗ್ಗುಲು ಮೇಲೆ ಮಾಡುತ್ತಾಳೆ, ಯಾರೂ ಹೇಳಿಕೊಟ್ಟದ್ದಲ್ಲ, ಆಮೇಲೆ ಓದು — ಈಗಷ್ಟೇ ಕಾದಂಬರಿಯ ಕಮಲೆಗೆ ಜ್ವರ ಏರಿತ್ತು, ನಾಲಿಗೆ ಒಣಗಿತ್ತು, ಈಗ ನೋಡಿದರೆ ಕಮಲೆಯ ಗಂಡ ಯಾರೊಡನೆಯೋ ಎತ್ತಿನ ವ್ಯಾಪಾರ ಮಾತಾಡುತ್ತಿದ್ದಾನೆ, ಕಮಲೆ ಎಲ್ಲಿ, ಆಕಿ ಆರಾಮಾದಳ್ರೀ, ಯಾವ ಪುಟದಾಗ, ಈಗ ಓದಿದ್ನೆಲ್ರೀ, ನೀವು ನಿದ್ದಿ ಹೊಡದೀರಿ. ನಿದ್ದೆಯಂತೆ! ಸಿಟ್ಟು ಬರುತ್ತದೆ, ಸಿಟ್ಟೂ ಮಾಡಬಾರದಂತೆ, ಶಹಾಬಾದಿನ ಕ್ಯಾಂಪಿನಲ್ಲಿ ಪೊರೆ ತೆಗೆದ ಡಾಕ್ಟರು ಎರಡೂ ಕಣ್ಣಿಗೆ ಪಟ್ಟಿ ಸುತ್ತಿ ಹೇಳಿದ್ದರು, ಕೆಮ್ಮಬ್ಯಾಡ್ರಿ, ಬಗ್ಗಬ್ಯಾಡ್ರಿ, ಮುಖ್ಯ ಅಳಬ್ಯಾಡ್ರಿ, ಅತ್ತರ ಕಣ್ಣು ಹೋದೀತು, ಡಾಕ್ಟರೇ ನಾನು ಕಾದಂಬರಿ ಓದುವವಳು ಎಂದರೆ ನಕ್ಕರು, ಅಖ್ತರ ನಗಲಿಲ್ಲ, ನನ್ನ ಚಪ್ಪಲಿ ಕೈಯಲ್ಲಿ ಹಿಡಿದು ನಿಂತವಳು ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡಳು —

ಮೊದಲನೆಯ ಕಾದಂಬರಿಯಲ್ಲಿ ಕ್ಷಯ ಹಿಡಿದ ಅತ್ತಿಗೆ ವಾಸಿಯಾದಳು, ಎರಡನೆಯದರಲ್ಲಿ ಬಾವಿಯ ಕಟ್ಟೆ ಹತ್ತಿದವಳು ಮರುಗಳಿಗೆ ರೊಟ್ಟಿ ಬಡಿಯುತ್ತಿದ್ದಳು, ಇದು ಮೂರನೆಯದು, ಮೂರರಲ್ಲೂ ಒಂದು ಸಾವಿಲ್ಲ, ನಮ್ಮ ಕಾದಂಬರಿಕಾರರು ಇಷ್ಟು ದಯಾಳುಗಳಾದದ್ದು ಯಾವಾಗ, ಹೊರಟ ಬಸ್ಸು ಹಿಡಿಯುವವರ ಹಾಗೆ ಕಡೆಯ ಅಧ್ಯಾಯದಲ್ಲಿ ಒಬ್ಬ ಹೆಂಗಸನ್ನು ಅವಸರದಿಂದ ಸಾಯಿಸಿ ಕೈತೊಳೆದುಕೊಳ್ಳುವ ಜನ, ಅವರ ಊರುಗಳಲ್ಲಿ ಸದಾ ಮಳೆ, ಸದಾ ಕಾಫಿ, ಇವರ್ಯಾರೂ ಚಾ ಕುಡ್ಯಂಗಿಲ್ಲೇನ್ರೀ ಎಂದು ಅಖ್ತರ ಮೊನ್ನೆ ಕೇಳಿದಳು, ಮೈತುಂಬ ನೆಲಕ್ಕೆ ಹಾಸುವ ಫರಸಿಕಲ್ಲಿನ ದೂಳು ಮೆತ್ತಿಕೊಂಡ ನಮ್ಮ ಕಡೆಯವನೊಬ್ಬ ಅರ್ಧ ಪುಟದ ಮಟ್ಟಿಗಾದರೂ ಅಲ್ಲಿ ಹಾದುಹೋಗಬಾರದೇ, ಇದನ್ನೆಲ್ಲ ಯಾರಿಗೆ ಹೇಳಲಿ, ಲಲಿತಾಬಾಯಿಗೆ ಹೇಳಬೇಕು, ಹೈದರಾಬಾದಿನ ಕಾಲೇಜಿನಲ್ಲಿ ನನ್ನ ಕೋಣೆಯವಳು, ಈಗ ಚಂದಾಪುರದಲ್ಲಿರುವವಳು, ಕಾದಂಬರಿ ಕೊಂಡು ಓದಿ ಕಂಡಕ್ಟರ್ ಮುನಾಫನ ಕೈಯಲ್ಲಿ ನನಗೆ ಕಳಿಸುವವಳು, ಕಡೆಯ ಪುಟವನ್ನು ಮೊದಲು ಓದುವವಳು, ಇದೇನ ಚಟ ಲಲಿತಾ ಎಂದರೆ, ಸಾಯೋರು ಯಾರಂತ ಮೊದಲ ತಿಳಕೊಂಡ್ರ ಇದ್ದಷ್ಟು ಹೊತ್ತು ಆಕಿ ಮ್ಯಾಲ ಜಾಸ್ತಿ ಜೀವ ಇಡಬಹುದಲ್ಲೇ ಹುಚ್ಚಿ — ನಾನು ಆಪರೇಷನ್ನಿಗೆ ಹೋಗುವ ಮುಂದೆ ಅವಳಿಗೆ ದಮ್ಮು ಏರಿತ್ತು, ಮಾತಿನ ನಡುವೆ ಉಸಿರಿಗೆಂದು ನಿಲ್ಲುತ್ತಿದ್ದಳು, ಆದರೂ ಗತ್ತು, ನಿನ್ನ ಪಟ್ಟಿ ಬಿಚ್ಚೂದರೊಳಗ ಬರ್ತೀನಿ, ಅಖ್ತರ ಸಾಲಿ ಪಾಠ ಓದಿದಂಗ ಓದ್ತಾಳ, ನಾ ಓದ್ತೀನಿ. ಬರಲಿಲ್ಲ. ಲಲಿತಾ ಹ್ಯಾಂಗಿದ್ದಾಳವ್ವಾ, ಆರಾಮಿದ್ದಾರ್ರೀ, ಯಾವಾಗ ಬರ್ತಾಳಂತ, ನಾಳಿ ಬರ್ತಾರ್ರೀ — ಆರಾಮಾದಳ್ರೀ ಎಂದ ಅದೇ ದನಿ, ಅದೇ ಅವಸರ, ಮೂರ್ನಾಲ್ಕು ಹಾಳೆ ಕೂಡಿಯೇ ತಿರುಗಿದ ಹಾಗೆ —

ಅಖ್ತರ, ಆ ಪುಸ್ತಕ ಇಲ್ಲಿ ಕೊಡು, ನಿಮಗ ಕಾಣಂಗಿಲ್ಲಲ್ರೀ, ಕೊಡು, ಲಲಿತಾನ್ನೂ ಹಿಂಗ ಆರಾಮ ಮಾಡೀ ಏನು, ಹೊರಗೆ ಗೂಡ್ಸ್ ಗಾಡಿ, ಡಬ್ಬಿಯ ಹಿಂದೆ ಡಬ್ಬಿ, ಮುಗಿಯುವುದೇ ಇಲ್ಲ, ಮುಗಿದ ಮೇಲೆ ಸಣ್ಣ ದನಿ, ಪಟ್ಟಿ ಬಿಚ್ಚಿದ ಮ್ಯಾಲ ಹೇಳ್ತೀನ್ರೀ ಅಮ್ಮಾರ, ಅಲ್ಲೀತನಾ ಕೇಳಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ — ಹೇಳಿಬಿಟ್ಟಳಲ್ಲ, ಇನ್ನೇನು ಹೇಳುವುದಿದೆ, ಯಾವತ್ತು ಹೋದಳು, ಮಣ್ಣಿಗೆ ಯಾರು ಯಾರು ಬಂದಿದ್ದರು, ನಾನು ಇಲ್ಲಿ ದಿಂಬಿನ ತಂಪು ಮಗ್ಗುಲಲ್ಲಿ ಮಲಗಿ ವಾಸಿಯಾದ ಅತ್ತಿಗೆಯ ಕಥೆ ಕೇಳುತ್ತಿದ್ದೆ, ಅಳಬ್ಯಾಡ್ರಿ, ಅತ್ತರೆ ಅವಳು ಕಳಿಸಿದ್ದನ್ನು ನನ್ನ ಕಣ್ಣಿಂದ ಇನ್ನೆಂದೂ ಓದಲಾರೆ, ಅಳದಿದ್ದರೆ, ಅಳದಿದ್ದರೆ ನಾನು ಅವಳಿಗೆ ಏನು — ಅಖ್ತರ ಪುಸ್ತಕ ಬಿಡಿಸಿ ನನ್ನ ಕೈಗಿಡುತ್ತಾಳೆ, ಬೆರಳು ಹಾಳೆಯನ್ನು ತಡವುತ್ತದೆ, ಅವಳು ಹಾರಿಸಿದ ಹಾಳೆ, ಕಮಲೆ ಸಾಯುವ ಹಾಳೆ, ಅಕ್ಷರಗಳು ಬೆರಳಿಗೆ ಸಿಗುವುದಿಲ್ಲ, ಒಂದು ಕಡೆ ಕಾಗದ ಹನಿಯಗಲ ಉಬ್ಬಿದೆ, ಮೆತ್ತಗಿದೆ, ಪಕ್ಕದಲ್ಲಿ ಇನ್ನೊಂದು, ಕೆಳಗೆ ಇನ್ನೊಂದು, ನನಗಿಂತ ಮೊದಲೇ ಒಬ್ಬಳೇ ಕೂತು ಓದಿಕೊಂಡಿದ್ದಾಳೆ ಹುಡುಗಿ, ಇನ್ನೂ ಆರಿಲ್ಲ, ಬೆರಳು ಅಲ್ಲೇ ನಿಂತಿದೆ, ಒದ್ದೆ ಹಾಳೆ, ಒದ್ದೆ —